ಎರಡು ಕಡ್ಡಿಗಳ ನಡುವಿನ ಅಳತೆ

ನನ್ನ ಮೈದುನನಿಗೆ ಅಳೆಯಲು ಬರುತ್ತಿರಲಿಲ್ಲ. ನಡೆದದ್ದು ಇಷ್ಟೇ. ಬರುವುದಿಲ್ಲ ಎಂದು ಒಪ್ಪಿಕೊಳ್ಳಲಾರದೆ ತಪ್ಪನ್ನು ನನ್ನ ತಲೆಗೆ ಕಟ್ಟಿದ.

ಆಗ ನಾವು ಬಂಗಾಳದಲ್ಲಿ, ಬಾಲಿಗಂಜಿನಲ್ಲಿದ್ದೆವು. ಕೆಂಪು ಬಾವುಟದವರ ಸರಕಾರ ಬಂದು ಕೆಲವು ವರ್ಷ ಆಗಿತ್ತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಖಿದಿರ್‌ಪುರದ ಒಂದು ವರ್ಕ್‌ಶಾಪಿನಿಂದ ನಿವೃತ್ತರಾದ ನನ್ನ ಗಂಡ ಹಿಂದಿನ ಕೋಣೆಯಲ್ಲಿ ಕಬ್ಬಿಣ ಹೆರೆಯುವ ಶೇಪರ್ ಯಂತ್ರ ಇಟ್ಟುಕೊಂಡಿದ್ದರು. ಕೈಯಿಂದ ತಿರುಗಿಸುವಂಥದ್ದು, ಅದಕ್ಕೆ ಕರೆಂಟು ಬೇಡ. ಅವರ ಕಣ್ಣಿಗೆ ಪೊರೆ ಬಂದು, ಎರಡು ದವಡೆಯ ಅಳತೆಪಟ್ಟಿಯಾದ ವರ್ನಿಯರಿನ ಸಣ್ಣ ಗೀಟುಗಳು ಕಾಣದಾದಾಗ ಅಳೆಯುವುದು ನನ್ನ ಕೆಲಸವಾಯಿತು. ನಾನು ಓದಿದ್ದು ಮೂರನೇ ಕ್ಲಾಸು. ಗೀಟು ಎಣಿಸಲು ಅಷ್ಟು ಸಾಕು.

ಡವ್‌ಟೇಲ್ ಸ್ಲಾಟು ಎಂದರೆ ಕಬ್ಬಿಣದಲ್ಲಿ ಹೆರೆದ ಕಾಲುವೆ; ಬಾಯಿ ಕಿರಿದು, ತಳ ಅಗಲ. ಒಳಗೆ ಕೂತ ತುಂಡು ಹಿಂದೆ ಮುಂದೆ ಜಾರಬೇಕು, ಮೇಲಕ್ಕೆ ಏಳಬಾರದು. ತಳದ ಮೂಲೆ ಎಷ್ಟು ಚೂಪೆಂದರೆ ವರ್ನಿಯರಿನ ದವಡೆ ಅಲ್ಲಿಗೆ ಹೋಗುವುದೇ ಇಲ್ಲ. ಅದಕ್ಕೆ ನಾನು ಸ್ವೆಟರ್ ಹೆಣೆಯುವ ಉಕ್ಕಿನ ಕಡ್ಡಿಯನ್ನು ಕತ್ತರಿಸಿ ಬೆರಳುದ್ದದ ಎರಡು ತುಂಡು ಮಾಡಿಕೊಂಡಿದ್ದೆ. ಎರಡೂ ಒಂದೇ ಕಡ್ಡಿಯವು; ಬೇರೆ ಬೇರೆಯಾದರೆ ದಪ್ಪ ಬೇರೆ. ಆ ಮೂಲೆಗೊಂದು, ಈ ಮೂಲೆಗೊಂದು ಒತ್ತಿ ಕೂರಿಸಿ ನಡುವಿನ ಜಾಗ ಅಳೆಯುವುದು. ಎಷ್ಟು ಬರಬೇಕೆಂದು ನನ್ನ ಗಂಡ ಲೆಕ್ಕ ಹಾಕಿ ಗೋಡೆಯ ಮೇಲೆ ಬರೆದಿಡುತ್ತಿದ್ದರು.

ಸಾಲ್ಟ್ ಲೇಕಿನಲ್ಲಿ ಮನೆ ಮಾಡಿದ್ದ, ಸರಕಾರಿ ಕಚೇರಿಯ ಇಂಜಿನಿಯರಾಗಿದ್ದ ಮೈದುನ ತನ್ನ ಸ್ನೇಹಿತನ ಸಣ್ಣ ಲೇತಿಗೆ ನಮ್ಮಲ್ಲಿ ಅಂಥದ್ದೊಂದು ಸ್ಲಾಟು ಮಾಡಿಸಿದ. ನನ್ನ ಅಳತೆ ಗೋಡೆಯ ಲೆಕ್ಕಕ್ಕೆ ಸರಿ ಬಂತು. ಅವನು ಬಂದವನೇ ವರ್ನಿಯರ್ ತೂರಿಸಿ, "ಅಣ್ಣಾ, ನಾಲ್ಕು ಗೀಟು ಕಡಿಮೆ ಉಂಟು. ಇನ್ನೂ ಹೆರೆಯಬೇಕು" ಎಂದ.

"ದವಡೆ ಮೂಲೆಗೆ ತಾಗಲಿಲ್ಲ. ಕಡ್ಡಿ ಹಾಕಿ ನೋಡು" ಎಂದೆ.

"ಅತ್ತಿಗೆ, ಇದು ಸ್ವೆಟರ್ ಅಲ್ಲ."

ಗಂಡ ತಮ್ಮನ ಮಾತು ಕೇಳಿ ಹೆರೆದರು. ಜಾರುವ ತುಂಡು ಒಳಗೆ ಗಡಗಡ ಅಲುಗಿತು. ಸ್ನೇಹಿತ ವಾಪಸು ಕಳಿಸಿದ.

ಆ ಭಾನುವಾರ ಊಟಕ್ಕೆ ಊರ ಕಡೆಯ ಎರಡು ಸಂಸಾರ ಬಂದಿತ್ತು. ಮೈದುನನ ಎಲೆಗೆ ನಾನು ಸಾರು ಬಡಿಸುತ್ತಿದ್ದೆ. "ನಮ್ಮ ಅತ್ತಿಗೆ ಅಳೆದದ್ದು ಮಾರಾಯ್ರೆ. ತೋಳು ಸ್ವಲ್ಪ ದೊಗಳೆ ಆಯಿತು!" ಎಂದ. ಎಲ್ಲರೂ ನಕ್ಕರು. ಗಂಡ ನಗಲಿಲ್ಲ, ಆದರೆ ಸಂಜೆ ವರ್ನಿಯರನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು. "ಇನ್ನು ನೀನು ಅಳೆಯುವುದು ಬೇಡ."

ಸೀರೆ, ಬಂಗಾರ ಕಸಿದಿದ್ದರೆ ಬಿಡುತ್ತಿದ್ದೆ. ಆ ಮನೆಯಲ್ಲಿ ನನ್ನನ್ನು ಕೇಳಿ ಮುಂದುವರಿಯುತ್ತಿದ್ದ ಕೆಲಸ ಅದೊಂದೇ.

ಮರುದಿನ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದೆ. ವರ್ನಿಯರ್, ಕಡ್ಡಿ, ವಾಪಸು ಬಂದ ಆ ಸ್ಲಾಟಿನ ಕಬ್ಬಿಣ ಎಲ್ಲವನ್ನೂ ಸಂತೆಚೀಲಕ್ಕೆ ತುಂಬಿ ಸಾಲ್ಟ್ ಲೇಕಿನ ಬಸ್ಸು ಹತ್ತಿದೆ. ಮೈದುನ ತನ್ನ ಮನೆಯ ಹತ್ತಿರ ಆಫೀಸಿನವರ ಜೊತೆ ಕೆಲಸಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಮೋಟುಗೋಡೆಯ ಮೇಲೆ ಕಬ್ಬಿಣ ಇಟ್ಟೆ.

"ಎಂತ ಅತ್ತಿಗೆ ಇದು? ಮನೆಗೆ ಹೋಗಿ, ಅವಳು ಚಹಾ ಮಾಡ್ತಾಳೆ."

"ಚಹಾ ಆಗಿದೆ. ಅಳೆ. ಮೂರು ಸಲ."

ಅವನ ಜೊತೆಯ ಬಂಗಾಳಿಯೊಬ್ಬನಿಗೆ ಗೀಟು ಓದಲು ಹೇಳಿದೆ. ಮೂರು ಸಲಕ್ಕೆ ಮೂರು ಅಳತೆ. ಆಮೇಲೆ ಕಡ್ಡಿ ಕೂರಿಸಿ ನಾನು ಅಳೆದೆ. ಮೂರು ಸಲಕ್ಕೂ ಒಂದೇ. "ಬೌದಿ ಪಾಸು, ಇಂಜಿನಿಯರ್ ಬಾಬು ಫೇಲು" ಎಂದು ಆ ಬಂಗಾಳಿ ಕೂಗಿದ. ಅತ್ತಿಗೆಗೆ ಅವರು ಬೌದಿ ಎನ್ನುತ್ತಾರೆ. ಮೈದುನನ ಕಿವಿ ಕೆಂಪಾಯಿತು.

"ಅಣ್ಣನಿಗೆ ಕನ್ನಡದಲ್ಲಿ ಚೀಟಿ ಬರೆದುಕೊಡು" ಎಂದೆ.

ದೂರದಲ್ಲಿ ಬಸ್ಸು ಕಾಣುತ್ತಿತ್ತು. ತಪ್ಪು ತನ್ನದೆಂದು ಗೀಚಿ ಕೊಟ್ಟ. ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಅತ್ತಿಗೆಯ ಅಳತೆ ಸರಿ ಇತ್ತು ಎಂಬುದನ್ನು ಬಿಟ್ಟಿದ್ದ. ಅದನ್ನೂ ಬರೆಸಿ ಇನ್ನೊಮ್ಮೆ ಮೊದಲಿನಿಂದ ಓದಿದೆ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಹೋಗಲಿ ಎಂದೇ ನಿಧಾನಕ್ಕೆ ಓದಿದ್ದೆ.