ಸಿಂಗಳೀಕದ ಫಾರಂನಲ್ಲಿ ಕರ್ಣಕುಂಡಲ

ನಮ್ಮ ಅರಣ್ಯ ಇಲಾಖೆಯ ಆಫೀಸಿನಲ್ಲಿ ಅಳಿವಿನಂಚಿನ ಜೀವಿಗಳಿಗೆಲ್ಲ ಒಂದೇ ಫಾರಂ. ಸಿಂಗಳೀಕಕ್ಕೆಂದು ಮಾಡಿದ್ದು, ಗಿಡಗಳಿಗೂ ಅದನ್ನೇ ತುಂಬಬೇಕು. ಅದರಲ್ಲೊಂದು ಪ್ರಶ್ನೆ: 'ಮನುಷ್ಯರನ್ನು ಕಂಡರೆ ಓಡುತ್ತದೆಯೇ?' ಹೂವಿನ ಗಿಡದ ಮುಂದೆ ಕೂತು 'ಇಲ್ಲ' ಎಂದು ಬರೆಯುವಾಗ ನನಗೇ ನಾಚಿಕೆಯಾಗುತ್ತಿತ್ತು.

ಈ ಸಲ ಹುಬ್ಬತಲೈ ಎಂಬ ಬೆಟ್ಟದೂರಿಗೆ ಹೋದರೆ, ಕಾಡು ಕರ್ಣಕುಂಡಲದ ಹೂಗಿಡಗಳು ಬೆಳೆದಿದ್ದ ರಸ್ತೆ ಬದಿಯ ದಿಬ್ಬವೇ ಇರಲಿಲ್ಲ. ರಸ್ತೆ ಅಗಲ ಮಾಡಲು ಜೆಸಿಬಿ ಕೆರೆದು ಹಾಕಿತ್ತು. ಆ ಜಾತಿಯಲ್ಲಿ ನನಗೆ ಗೊತ್ತಿದ್ದದ್ದು ಅಲ್ಲಿದ್ದ ಏಳೇ ಗಿಡ. ಕೆಂಪು ಮಣ್ಣನ್ನೇ ನೋಡುತ್ತ ನಿಂತುಬಿಟ್ಟೆ.

ಪಕ್ಕದ ತೋಟದಲ್ಲಿ ಟೀ ಎಲೆ ಕೀಳುತ್ತಿದ್ದ ಅಜ್ಜಿಯೊಬ್ಬರು ಕೂಗಿದರು: "ಹೋದ ವರ್ಷ ಮೊಣಕಾಲೂರಿ ಹೂವು ಎಣಿಸ್ತಿದ್ದವ ನೀನೇ ಅಲ್ವಾ? ಬಾ ಇಲ್ಲಿ."

ಅವರ ಮನೆಯ ಹಿಂದೆ, ನೀರು ಜಿನುಗುವ ಕಲ್ಲಿನ ಸಂದಿಯಲ್ಲಿ ಏಳೂ ಇದ್ದವು. ಒಂದರಲ್ಲಿ ಹೂವು ಕೂಡ.

"ಕೇಳದೆ ಕಿತ್ತೆ, ಬಯ್ಯಬೇಡ," ಅಂದರು. "ಇನ್ನೆಲ್ಲೂ ಇಲ್ಲ ಅಂದಿದ್ದೆಯಲ್ಲ. ಸಿಂಗಳೀಕ ಆಗಿದ್ರೆ ಜೆಸಿಬಿ ಸದ್ದಿಗೇ ಮರಿ ಅವುಚಿಕೊಂಡು ಮರ ಹತ್ತುತ್ತಿತ್ತು. ಇದಕ್ಕೆ ಕಾಲೆಲ್ಲಿದೆ? ಎಲೆ ಚೀಲಕ್ಕೆ ಹಾಕ್ಕೊಂಡು ನಾನೇ ಓಡಿಬಂದೆ."

ಕಾಡುಗಿಡವನ್ನು ಹಾಗೆ ಕೀಳಬಾರದು, ಬಯ್ಯುವುದು ನನ್ನ ಕೆಲಸವೇ. ಆದರೆ ಜಗಲಿಯ ಮೇಲೆ ಕೂತವನ ಬಾಯಿಂದ ಬಂದದ್ದು, "ಅಜ್ಜೀ, ಒಂದು ಲೋಟ ಟೀ ಕೊಡ್ತೀರಾ?" ಅಂತ ಮಾತ್ರ.

ಟೀ ಕುಡಿದು ಫಾರಂ ತೆಗೆದೆ. 'ಮನುಷ್ಯರನ್ನು ಕಂಡರೆ ಓಡುತ್ತದೆಯೇ?' ಮೊದಲ ಸಲ ನಾಚಿಕೆಯಿಲ್ಲದೆ ಬರೆದೆ: 'ಅಗತ್ಯ ಬಿದ್ದರೆ, ಮನುಷ್ಯರ ಜೊತೆಯಲ್ಲೇ ಓಡುತ್ತದೆ.'