ಗುರುಬಸಪ್ಪ ಕಾಕಾರ ಮುಆಯ್ನಾ

ಗುರುಬಸಪ್ಪ ಕಾಕಾರ ಜೊತೆ ಹೋಟೆಲಿಗೆ ಹೋದವರಿಗೆ ಮೆನು ಕಾರ್ಡು ಓದುವ ಭಾಗ್ಯ ಇರಲಿಲ್ಲ. ವೇಟರ್ ಅದನ್ನು ಮೇಜಿನ ಮೇಲಿಟ್ಟು ಬೆನ್ನು ತಿರುಗಿಸುವುದರೊಳಗೆ ಕಾಕಾ ಅದನ್ನು ಎಳೆದು ಕುರ್ಚಿಗೆ ಹಾಕಿ, ಅದರ ಮೇಲೇ ಕೂತುಬಿಡುತ್ತಿದ್ದರು. "ಅದರಾಗ ಬರದದ್ದೆಲ್ಲಾ ಚಲೋ ಇರಂಗಿಲ್ಲ. ನಿನ್ನೆ ನಾ ಬಂದು ತಿಂದು ನೋಡೀನಿ. ನೀವು ಸುಮ್ಮ ಕುಂದರ್ರಿ," ಎನ್ನುವರು. ಆಮೇಲೆ ಉರ್ದು, ತೆಲುಗು ಎರಡನ್ನೂ ಕಲಸಿ, ಒಳಗಿದ್ದ ಅಡುಗೆಯವನಿಗೇ ಕೇಳಿಸುವಷ್ಟು ಗಟ್ಟಿಯಾಗಿ ಎಲ್ಲರ ಪರವಾಗಿ ಹೇಳಿಬಿಡುವರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಹೊಟ್ಟೆಗೆ ಏನು ಬೇಕೆಂದು ಹೇಳಲು ಇವರಾರು? ಆದರೆ ತಟ್ಟೆ ಬಂದ ಮೇಲೆ ರುಚಿಗೆ ಸೋತು ಸುಮ್ಮನೆ ತಿಂದು ಏಳುವುದೇ ಆಗುತ್ತಿತ್ತು. ಅದು ಇನ್ನೂ ಸಿಟ್ಟು ಬರಿಸುವ ಸಂಗತಿ.

ನಾನು ಮದುವೆಯಾಗಿ ಬಾಗಲಕೋಟೆಯಿಂದ ಹೈದರಾಬಾದಿಗೆ ಬಂದಾಗ ನಾವು ಬಾಡಿಗೆಗಿದ್ದದ್ದು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಕಾಕಾರ ಮನೆಯ ಮಹಡಿಯ ಮೇಲೆ. ಕೆಳಗೆ ಕಾಕಾ ಮತ್ತು ಅವರ ಹೆಂಡತಿ ನೀಲವ್ವ ಕಾಕು. ಬಂಧುಗಳೇನಲ್ಲ; ನಮ್ಮ ಕಡೆಯವರು ಎಂಬ ಒಂದೇ ಕಾರಣಕ್ಕೆ ಕಾಕಾ, ಕಾಕು ಆದವರು. ಕಾಕಾ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾಗಿದ್ದರು; ಮಗಳನ್ನು ರಾಯಚೂರಿಗೆ ಕೊಟ್ಟಿದ್ದರು. ಕಡ್ಡಿಯಂಥ ಮೈ, ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ಕರ್ನಾಟಕದ ಕಡೆಯಿಂದ ಗಾಡಿ ಬಂತೆಂದರೆ ಅವರ ಮನೆಗೆ ಯಾರಾದರೂ ಇಳಿಯುತ್ತಿದ್ದರು. ಆಸ್ಪತ್ರೆಗೆ ಬಂದವರು, ಪರೀಕ್ಷೆ ಬರೆಯಲು ಬಂದವರು, ಬೇಗಂ ಬಜಾರಿನಲ್ಲಿ ಮದುವೆಯ ಪಾತ್ರೆಪಡಗ ಕೊಳ್ಳಲು ಬಂದವರು. ಬಂದ ಕೆಲಸ ಏನೇ ಇರಲಿ, ಊರು ತೋರಿಸದೆ ಕಾಕಾ ಯಾರನ್ನೂ ವಾಪಸು ಕಳಿಸುತ್ತಿರಲಿಲ್ಲ.

ಊರು ತೋರಿಸುವುದೆಂದರೆ ಚಾರ್‌ಮಿನಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದಲ್ಲ. ಹೋಗುವ ಹಿಂದಿನ ದಿನ ಕಾಕಾ ಒಬ್ಬರೇ ಹೋಗಿ ಎಲ್ಲವನ್ನೂ ನೋಡಿ ಬರಬೇಕು. ಅದಕ್ಕೆ ಅವರ ಕಚೇರಿಯಲ್ಲಿದ್ದ ಹಳೆಯ ಉರ್ದು ಹೆಸರು, ಮುಆಯ್ನಾ. ಇಡೀ ನೌಕರಿಯಲ್ಲಿ ಕಾಲುವೆ, ತೂಬು, ಒಡ್ಡುಗಳ ತಪಾಸಣೆ ಮಾಡಿ ಹತ್ತಿದ ಚಟ ಅದು. ಗೋಲ್ಕೊಂಡ ಕೋಟೆ ಹತ್ತುವಾಗ ಮೊಣಕಾಲು ನೋವಿನವರು ಎಲ್ಲೆಲ್ಲಿ ಕೂರಬೇಕು, ಹುಸೇನ್ ಸಾಗರದ ದೋಣಿಯಲ್ಲಿ ಯಾವ ಬದಿಗೆ ಕೂತರೆ ನೀರು ಸಿಡಿಯುವುದಿಲ್ಲ, ಇರಾನಿ ಹೋಟೆಲಿನಲ್ಲಿ ಯಾವ ಮೇಜಿನ ಮೇಲಿನ ಫ್ಯಾನು ನಿಜವಾಗಿ ತಿರುಗುತ್ತದೆ, ಸಂಕ್ರಾಂತಿಗೆ ಯಾರ ಮಾಳಿಗೆ ಏರಿದರೆ ಗಾಳಿಪಟಗಳು ಚೆನ್ನಾಗಿ ಕಾಣುತ್ತವೆ, ಎಲ್ಲವೂ ಒಂದು ದಿನ ಮೊದಲೇ ಗೊತ್ತಿರಬೇಕು.

ಒಮ್ಮೆ ನಮ್ಮವರ ಗೆಳೆಯರು ಊರಿನಿಂದ ಬಂದು ಬಿರಿಯಾನಿ ತಿನ್ನಬೇಕೆಂದರು. ಕಾಕಾ ಮಾಂಸದ ಸಮೀಪ ಸುಳಿಯುವವರಲ್ಲ. ಈ ಸಲ ಸುಮ್ಮನಿರುತ್ತಾರೆಂದು ನಾನು ನಿರಾಳವಾಗಿದ್ದೆ. ಎಲ್ಲಿಯ ಸುಮ್ಮನೆ! ಸಂಜೆ ಬೆವರೊರೆಸಿಕೊಳ್ಳುತ್ತ ಬಂದು ವರದಿ ಒಪ್ಪಿಸಿದರು. "ನಾಕ ಹೋಟೆಲ್ ಮುಂದ ನಿಂತು ನೋಡಿದೆ ತಂಗಿ. ಮೂರರಾಗಿಂದ ಮಂದಿ ಜೋರ ಮಾತಾಡಕೋತ ಹೊರಗ ಬಂದ್ರು. ಒಂದರಾಗಿಂದ ಮಾತ್ರ ಒಬ್ಬಾಂವನೂ ಬಾಯಿ ಬಿಡಲಿಲ್ಲ, ಅರ್ಧಾ ಕಣ್ಣ ಮುಚ್ಚಿಕೊಂಡು ಬಂದ್ರು. ಅಲ್ಲೇ ಹೋಗ್ರಿ." ಹೋಗಿ ತಿಂದು ಬಂದವರು ಇವತ್ತಿಗೂ ಫೋನು ಮಾಡಿದಾಗಲೆಲ್ಲ ಆ ಹೋಟೆಲಿನ ಮಾತೆತ್ತುತ್ತಾರೆ.

ಇಷ್ಟೆಲ್ಲ ಮಾಡುವ ಕಾಕಾ ತಮ್ಮ ಹೆಂಡತಿಯನ್ನು ಮಾತ್ರ ಒಂದು ದಿನವೂ ಹೋಟೆಲಿಗೆ ಕರೆದೊಯ್ದವರಲ್ಲ. ಕರೆದರೆ ಬರಬೇಕಲ್ಲ! ಕಾಕು ಎಳೆವಯಸ್ಸಿನಲ್ಲೇ ಲಿಂಗದೀಕ್ಷೆ ಪಡೆದವರು. ಹೊರಗಿನ ಅನ್ನ, ಹೊರಗಿನ ನೀರು ಮುಟ್ಟುವುದಿಲ್ಲವೆಂದು ಮಠದ ಅಯ್ಯನವರ ಮುಂದೆ ನೇಮ ಹಿಡಿದಿದ್ದರು. ನಮ್ಮ ಮನೆಗೆ ಬಂದರೂ ತಂಬಿಗೆಯಲ್ಲಿ ನೀರು ತಂದುಕೊಳ್ಳುತ್ತಿದ್ದರು. ಅದರಲ್ಲಿ ಬಿಗುಮಾನವೇನೂ ಇರಲಿಲ್ಲ. ಉಳಿದಂತೆ ನಗುನಗುತ್ತಲೇ ಇರುವ ಹೆಂಗಸು. ಅವರಿಗಿದ್ದ ಹುಚ್ಚು ಒಂದೇ, ಕ್ರಿಕೆಟ್ಟು. ಟಿವಿಯನ್ನು ಅಡುಗೆಮನೆಯ ಕಡೆ ತಿರುಗಿಸಿಟ್ಟು ರೊಟ್ಟಿ ಬಡಿಯುತ್ತ ನೋಡುವರು. ಯಾರಾದರೂ ಔಟಾದರೆ ಹಿಟ್ಟಿನ ಕೈಯನ್ನೇ ಅವನತ್ತ ಎತ್ತಿ, "ಆ ಚೆಂಡು ನಿನಗೇನು ಮಾಡಿತ್ತಲೇ, ಸುಮ್ಮ ಹೊಕ್ಕಿತ್ತು, ಬಿಡಬೇಕಿಲ್ಲೋ!" ಎಂದು ಬೈಯುವರು. ಆಮೇಲೆ ಕೆಲ ಹೊತ್ತು ರೊಟ್ಟಿಗೆ ಏಟು ಜೋರಾಗಿ ಬೀಳುತ್ತಿತ್ತು.

ಹೋಟೆಲಿಗೆ ಕಾಕುವನ್ನು ಕರೆದೊಯ್ಯಬೇಕೆಂಬ ಆಸೆ ಕಾಕಾಗೆ ಯಾಕಿಷ್ಟು ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. ಕಾಕುವಿನ ಕೈಯಡುಗೆ ಯಾವ ಹೋಟೆಲಿನಲ್ಲಿ ಸಿಗುತ್ತದೆ? ಮೆಟ್ಟಿಲ ಮೇಲೆ ಕೂತಿದ್ದ ಕಾಕಾ ಒಳಗೆ ನೋಡಿ ದನಿ ತಗ್ಗಿಸಿದರು.

"ಅಡಗಿ ಸಲುವಾಗಿ ಅಲ್ಲ ತಂಗಿ. ಮದಿವಿ ಆದಾಗಿಂದ ನಾ ಉಣ್ಣೂ ಮುಂದ ಆಕಿ ನಿಂತಿರ್ತಾಳ. ಆಕಿ ಉಣ್ಣೂ ಹೊತ್ತಿಗೆ ನಾ ಎದ್ದಿರ್ತೀನಿ. ಆಕಿ ಯಾವುದು ಮದ್ಲ ತಿಂತಾಳ, ಯಾವುದು ಕಡೀಕ ಉಳಸಕೋತಾಳ, ನನಗ ಗೊತ್ತಿಲ್ಲ. ಹೋಟೆಲಿನ್ಯಾಗ ನೀಡಾವ ಬ್ಯಾರೆ ಇರ್ತಾನ. ಆಕಿ ಕುಂದರಬೇಕಾಗತೈತಿ. ಒಮ್ಮೆ ಎದುರಾಬದುರಾ ಕುಂತು ಉಂಡ್ರ ಸಾಕು."

"ಮನೆಯಲ್ಲೇ ಕೂಡಿಸಿಕೊಂಡು ಉಣ್ಣಬಾರದೇನ್ರಿ?" ಎಂದೆ.

"ಕುಂದರ್ಸೀನವಾ. ಎರಡು ತುತ್ತಿಗೊಮ್ಮೆ ತುಪ್ಪಾ ತರಾಕ ಏಳ್ತಾಳ, ಖಾರಬ್ಯಾಳಿ ತರಾಕ ಏಳ್ತಾಳ. ಅದು ಕುಂತಂಗಲ್ಲ."

ನಮ್ಮವ್ವನೂ ಹಾಗೇ ಅಲ್ಲವೇ ಎನ್ನಿಸಿತು.

ಆ ಚಳಿಗಾಲದಲ್ಲಿ ಉಪ್ಪಲ್ ಮೈದಾನದಲ್ಲಿ ಟೆಸ್ಟ್ ಪಂದ್ಯ ನಡೆಯುವುದಿತ್ತು. ಹೋಟೆಲಿಗೆ ಬರದವರು ಮೈದಾನಕ್ಕಾದರೂ ಬಂದಾರು ಎಂದು ಕಾಕಾ ಟಿಕೆಟ್ಟು ತಂದರು. ಕಾಕು ಚಿಕ್ಕ ಹುಡುಗಿಯಂತೆ ಹಿಗ್ಗಿದರು. ನನ್ನನ್ನೂ ಕರೆದರು. ಹಿಂದಿನ ದಿನ ಕಾಕಾರ ಮುಆಯ್ನಾ ಆಯಿತು. ಕಾವಲುಗಾರನನ್ನು ಮಾತಾಡಿಸಿ ಒಳಗೆ ಹೋಗಿ, ಮಧ್ಯಾಹ್ನ ಯಾವ ಸಾಲಿಗೆ ನೆರಳು ಬರುತ್ತದೆ, ಕಾಕು ಹೆಚ್ಚು ಮೆಟ್ಟಿಲು ಹತ್ತದೆ ಎಲ್ಲಿ ಕೂರಬಹುದು, ಎಲ್ಲ ನೋಡಿಕೊಂಡು ಬಂದರು. ಬೆಳಿಗ್ಗೆ ಕಾಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮನೆಯ ನೀರು ಎಲ್ಲ ಚೀಲಕ್ಕೆ ತುಂಬಿಕೊಂಡರು. ಹೊರಟೆವು.

ಬಾಗಿಲಲ್ಲಿ ಮಹಿಳಾ ಪೊಲೀಸು ಚೀಲ ತೆರೆಸಿದಳು. "ಅಮ್ಮಾ, ತಿಂಡಿ, ನೀಳ್ಳು ಲೋಪಲಿಕಿ ತೀಸ್ಕೆಳ್ಳಕೂಡದು," ಎಂದಳು. ಊಟ, ನೀರು ಯಾವುದೂ ಒಳಗೆ ಹೋಗುವಂತಿಲ್ಲ. ಹಿಂದಿನ ದಿನ ಪಂದ್ಯವೇ ಇರಲಿಲ್ಲವಾದ್ದರಿಂದ ಬಾಗಿಲಲ್ಲಿ ತಪಾಸಣೆಯೂ ಇರಲಿಲ್ಲ. ಕಾಕಾ ಎಲ್ಲ ನೋಡಿದ್ದರು, ಇದೊಂದನ್ನು ಬಿಟ್ಟು. ಅವರು ತೆಲುಗಿನಲ್ಲಿ ಬೇಡಿದರು, ಹಿಂದಿಯಲ್ಲಿ ಬೇಡಿದರು, ಕಡೆಗೆ ತಾವು ಯಾವ ಭಾಷೆಯಲ್ಲಿದ್ದೇವೆಂಬುದೇ ಮರೆತು, "ಯವ್ವಾ, ಕೈ ಮುಗೀತೀನಿ, ನೀರಷ್ಟರ ಬಿಡು. ಆಕಿ ಹೊರಗಿಂದು ಕುಡಿಯೂದಿಲ್ಲ," ಎಂದರು. ಆ ಹುಡುಗಿಯಾದರೂ ಏನು ಮಾಡಿಯಾಳು? ಹಿಂದೆ ಸಾಲು ಬೆಳೆದು ಮಂದಿ ಕೂಗುತ್ತಿದ್ದರು.

"ಮನೀಗೆ ಹೋಗೂಣು ನಡಿ," ಎಂದರು ಕಾಕಾ. ಅವರ ಮುಖ ಸಣ್ಣದಾಗಿತ್ತು.

"ಇಲ್ಲೀಮಟಾ ಬಂದು?" ಎಂದರು ಕಾಕು. "ಇವತ್ತ ಶಿವರಾತ್ರಿ ಅಂತ ತಿಳ್ಕೊಂಡ್ರಾತು. ಚೀಲ ಆ ಗ್ವಾಡಿ ಬುಡಕ ಇಡ್ರಿ."

ಕಾಕಾ ಗೊತ್ತುಮಾಡಿದ ಜಾಗಕ್ಕೆ ಹೇಳಿದ ಹೊತ್ತಿಗೆ ಸರಿಯಾಗಿ ನೆರಳು ಬಂತು. ಕಾಕುವಿನ ಸಂತೋಷಕ್ಕೆ ಮೇರೆ ಇರಲಿಲ್ಲ. ಅಷ್ಟು ದೂರದಲ್ಲಿದ್ದ ಆಟಗಾರರಿಗೂ ಬುದ್ಧಿ ಹೇಳಿದರು. ಹಿಂದಿನ ಸಾಲಿನ ತೆಲುಗು ಹುಡುಗರು ಕನ್ನಡದ ಬೈಗುಳ ಕಲಿತುಕೊಂಡು ಅವರ ಜೊತೆಗೆ ಕೂಗತೊಡಗಿದರು. ಕಾಕಾ ಮಾತ್ರ ಆಟ ನೋಡಲೇ ಇಲ್ಲ. ಸಮೋಸಾ ಮಾರುವವನು ಬಂದಾಗಲೊಮ್ಮೆ, ನೀರಿನ ಪ್ಯಾಕೆಟ್ಟಿನವನು ಬಂದಾಗಲೊಮ್ಮೆ ಹೆಂಡತಿಯ ಮುಖ ನೋಡುವರು. ನನಗೆ ಒತ್ತಾಯ ಮಾಡಿ ತಿನ್ನಿಸಿದರು. ತಾವು ಒಂದು ಗುಟುಕು ನೀರೂ ಕುಡಿಯಲಿಲ್ಲ. ಮಧ್ಯಾಹ್ನ ಜಾರುವ ಹೊತ್ತಿಗೆ ಕಾಕುವಿನ ತುಟಿ ಒಣಗಿ ಬಿಳಿಚಿತ್ತು. ಬೌಂಡರಿ ಹೊಡೆದಾಗ ಎತ್ತಲೆಂದು ಹಂಚಿದ್ದ ರಟ್ಟಿನಿಂದ ಕಾಕಾ ಗಾಳಿ ಹಾಕುತ್ತ ಕೂತರು. "ಸಾಕು ನಡಿ," ಎಂದರೆ, "ಈ ಹುಡುಗ ನೂರು ಹೊಡೀಲಿ," ಎಂಬ ಉತ್ತರ. ಆ ಪುಣ್ಯಾತ್ಮ ನೂರರ ಹತ್ತಿರ ಬಂದು ಔಟಾದ. ಕಾಕುಗೆ ಬೈಯಲೂ ತ್ರಾಣ ಉಳಿದಿರಲಿಲ್ಲ.

ಹೊರಗೆ ಬಂದಾಗ ಗೋಡೆಯ ಬುಡದಲ್ಲಿ ಚೀಲ ಇಟ್ಟಲ್ಲಿಯೇ ಇತ್ತು. ಫುಟ್‌ಪಾತಿನ ಮೇಲೆ ಕೂತು ಕಾಕು ಬುತ್ತಿ ಬಿಚ್ಚಿದರು. ಕಾಕಾ ಎದುರಿಗೆ ಕೂತರು. ಹೋಟೆಲಲ್ಲದಿದ್ದರೇನು, ಇವತ್ತು ಇಬ್ಬರೂ ಕೂಡಿ ಉಣ್ಣುತ್ತಾರಲ್ಲ ಎಂದುಕೊಂಡೆ. ಕಾಕು ರೊಟ್ಟಿ ಮುರಿದು, ಮೇಲೆ ಹಿಂಡಿ, ಮೊಸರು ಹಾಕಿ ಗಂಡನ ಕೈಗಿತ್ತರು. ತಾವು ಎರಡು ಗುಟುಕು ನೀರು ಕುಡಿದು ಕೈಕಟ್ಟಿ ಕೂತರು.

"ನೀನೂ ತಿನ್ನಲಾ," ಎಂದರು ಕಾಕಾ.

"ನಿಮ್ದು ಮುಗೀಲಿ ಮದ್ಲ. ಹಸಗೊಂಡೀರಿ."

ಕಾಕಾ ನನ್ನ ಮುಖ ನೋಡಿದರು. ನಾನು ಬಸ್ಸು ಬರುತ್ತಿದೆಯೇ ಎಂದು ರಸ್ತೆಯ ಕಡೆ ನೋಡಿದೆ.

ಇದಾಗಿ ಕೆಲವು ವರ್ಷ ಕಳೆದವು. ಕಾಕು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೂಳೆ ಕೂಡಿತು, ಆದರೆ ರೊಟ್ಟಿ ಬಡಿಯುವ ಬಲ ಮರಳಲಿಲ್ಲ. ಬೇರೆಯವರ ಕೈಯಡುಗೆ ಒಲ್ಲೆನೆಂದಾಗ ಕಾಕಾ ತಾವೇ ಒಲೆಯ ಮುಂದೆ ನಿಂತರು. ಊರಿನ ಅಡುಗೆಯನ್ನೆಲ್ಲ ತಪಾಸಣೆ ಮಾಡಿದ ಮನುಷ್ಯನಿಗೆ ಅನ್ನ ಮಾಡಲು ಬರುತ್ತಿರಲಿಲ್ಲ. ಒಂದು ದಿನ ಮುದ್ದೆಯಾದರೆ ಇನ್ನೊಂದು ದಿನ ತಳ ಹತ್ತುತ್ತಿತ್ತು. ಕಡೆಗೊಂದು ಬೆಳಿಗ್ಗೆ ಕಾಕು ನನ್ನ ಮುಂದೆಯೇ ನಗುತ್ತ ಹೇಳಿದರು. "ಅಯ್ಯನೋರಿಗೆ ಫೋನ್ ಮಾಡಿ ಕೇಳಿದೆ. ವಯಸ್ಸಾತು, ಕೈ ಹೋತು, ಇನ್ನ ನಿನ್ನ ಮನಸ್ಸು ಅಂದ್ರು. ಇವರು ಮಾಡಿದ್ದು ಉಣ್ಣೂದ್ಕಿಂತ ಹೋಟೆಲ್ ಚಲೋ. ಎಲ್ಲಿಗೆ ಕರಕೊಂಡು ಹೊಕ್ಕೀರಿ ಹೋಗ್ರಿ, ಬರ್ತೀನಿ."

ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಆ ಮುಆಯ್ನಾ ಮುಗಿಯಲೇ ಇಲ್ಲ. ಒಂದು ಹೋಟೆಲಿನಲ್ಲಿ ಮೆಟ್ಟಿಲು ಕಡಿದು. ಇನ್ನೊಂದರಲ್ಲಿ ತತ್ತಿ ಬೇಯಿಸುವ ಒಲೆ ಪಕ್ಕದಲ್ಲೇ ಇದೆ. ಮತ್ತೊಂದರಲ್ಲಿ ಏಸಿ ಜೋರು, ಕಾಕುವಿನ ಕೈ ನೋಯುತ್ತದೆ. "ಕಾಕಾ, ಊಟಕ್ಕ ಹೊಂಟೀರೋ, ವರ ನೋಡಾಕ ಹೊಂಟೀರೋ?" ಎಂದು ನಾನು ರೇಗಿದೆ. "ಉಪ್ಪಲ್‌ನ್ಯಾಗ ಒಮ್ಮೆ ತಪ್ಪೀನಿ ತಂಗಿ. ಆಕಿ ಬಾಯಾಗ ನೀರಿಲ್ದಂಗ ಕುಂತಿದ್ದು ನೋಡೀನಿ. ಇನ್ನೊಮ್ಮೆ ತಪ್ಪಾಂಗಿಲ್ಲ," ಎಂದರು. ವಾರಗಳು ಉರುಳಿದವು. ಕಡೆಗೆ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದೆ, ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ನಡೆಸುವ ಖಾನಾವಳಿ ಗೊತ್ತಾಯಿತೆಂದು ಬಂದು ಹೇಳಿದರು. ಶುದ್ಧ ಸಸ್ಯಾಹಾರ, ಬಿಸಿ ರೊಟ್ಟಿ, ಮೆಟ್ಟಿಲಿಲ್ಲ, ಕಿಟಕಿಯ ಪಕ್ಕ ಇಬ್ಬರೇ ಕೂರುವ ಮೇಜು. ಬರುವ ರವಿವಾರ ಎಂದು ನಿಶ್ಚಯವಾಯಿತು. ಕಾಕು ಇಳಕಲ್ ಸೀರೆ ತೆಗೆದಿಟ್ಟರು.

ಶುಕ್ರವಾರ ಬೆಳಿಗ್ಗೆ ಪೂಜೆಗೆ ಕೂತಲ್ಲೇ ಕಾಕುಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ನುಂಗುವುದು ಹೋಯಿತು. ಬಾಯಿಂದ ಏನೂ ಕೊಡಬಾರದು, ಕೊಟ್ಟರೆ ಶ್ವಾಸಕ್ಕೆ ಇಳಿಯುತ್ತದೆ ಎಂದರು ಡಾಕ್ಟರು. ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡು ಕಾಕು ಮನೆಗೆ ಬಂದರು. ಗಂಜಿ ಸೋಸಿ ಆ ನಳಿಕೆಯಲ್ಲಿ ಇಳಿಸುವುದನ್ನು ಕಾಕಾ ಕಲಿತರು. ಒಂದು ಮಧ್ಯಾಹ್ನ ನಾನು ಸಾರು ಕೊಡಲು ಕೆಳಗೆ ಹೋದಾಗ ಕಾಕು ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು, ನಳಿಕೆ ಮುಟ್ಟಗೊಡುತ್ತಿರಲಿಲ್ಲ. ಆಡುವ ಒಂದು ಕೈಯಿಂದ ಗಂಡನ ಬಾಯಿಯ ಕಡೆ ತೋರಿಸುತ್ತಿದ್ದರು. ಕಾಕಾ ಮಂಚದ ಎದುರಿಗೆ ಕುರ್ಚಿ ಎಳೆದುಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, "ಉಣ್ಣಾಕತ್ತೀನಿ ನೋಡು, ನೀಲಾ. ಇತ್ತಾಗ ನೋಡಲಾ, ಉಣ್ಣಾಕತ್ತೀನಿ," ಎನ್ನುತ್ತ ತುತ್ತಿನ ಮೇಲೆ ತುತ್ತು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ನಾನು ಸಾರಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಒಳಗೆ ಹೋಗಿ ಏನು ಮಾಡಲಿ? ನನ್ನಿಂದ ಆಗುವುದು ಒಂದೂ ಇರಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಕಾಕು ಹೋದರು. ಕಾಕಾರನ್ನು ಮಗಳು ರಾಯಚೂರಿಗೆ ಕರೆದುಕೊಂಡು ಹೋದಳು. ಅಲ್ಲಿಯೇ ಅವರೂ ತೀರಿಕೊಂಡರು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ನಾನು ಅವರನ್ನು ಕಡೆಯದಾಗಿ ನೋಡಿದ್ದು ಕಾಚಿಗೂಡ ಸ್ಟೇಷನ್ನಿನಲ್ಲಿ, ಅವರು ಊರು ಬಿಟ್ಟ ದಿನ. ಗಾಡಿ ಬಂದು ನಿಂತಿತ್ತು. ಮಗಳು ಸಾಮಾನು ಇಡಿಸಲು ಒಳಗೆ ಹೋಗಿದ್ದಳು. ಕಾಕಾ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು.

"ತಂಗಿ," ಎಂದರು. "ಯಾರ ಮುಂದೂ ಹೇಳಿಲ್ಲ. ಆ ಮೆಹದಿಪಟ್ಟಣಂ ಖಾನಾವಳಿ ಐತೆಲ್ಲ, ಅದು ನನಗ ಮದಲನೇ ದಿನಾನ ಸಿಕ್ಕಿತ್ತು. ಎಲ್ಲಾ ಸರಿ ಇತ್ತು. ಮರುದಿನಾನ ಕರಕೊಂಡು ಹೋಗಬಹುದಿತ್ತು."

ನಾನು ಅವರ ಮುಖವನ್ನೇ ನೋಡಿದೆ.

"ಇಷ್ಟು ವರ್ಷಕ್ಕ ಹೂಂ ಅಂದಾಳ, ಆಕಿಗೆ ಇದಕ್ಕಿಂತ ಚಲೋದು ಎಲ್ಲೋ ಇದ್ದೀತು ಅಂತ ನೋಡಕೋತ ಹೋದೆ," ಎಂದರು. ಅಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತು ಕರೆದಳು. ಕಾಕಾ ಎದ್ದು ಗಾಡಿ ಹತ್ತಿದರು.