ಬಲಗೈಯ ಬಿತ್ತನೆ

ಪಾಲಹಳ್ಳಿಯ ನಮ್ಮ ಬೀದಿಗೆ ಕೇಬಲ್ ಟಿವಿ ಆಗಷ್ಟೇ ಬಂದಿತ್ತು. ಆ ವರ್ಷವೇ ನಾನು ನಾಲೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮಾತ್ರ ಮಡಿಚಲು ಒಲ್ಲೆ ಎಂದವು. ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವಳು ನಾನು. ಈಗ ಕತ್ತರಿ ಹಿಡಿದರೆ ಠಣ್ ಎಂದು ನೆಲಕ್ಕೆ! ಹಿಚುಕಿ ಅಭ್ಯಾಸ ಮಾಡಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ನೋಡಿದರೇ ಮೈ ಉರಿಯುತ್ತಿತ್ತು.

ನನ್ನದು ಜೋರು ಬಾಯಿ. ಗಂಡನಿಂದ ಹಿಡಿದು ಡೇರಿಯಲ್ಲಿ ಹಾಲು ಅಳೆಯುವವನವರೆಗೆ ಯಾರನ್ನೂ ಬಿಟ್ಟವಳಲ್ಲ. ಅಂಥವಳು ಮಾತು ನಿಲ್ಲಿಸಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟೆ. ಈ ಕೈ ಇಷ್ಟೇ, ನನ್ನ ಕಥೆಯೂ ಇಷ್ಟೇ ಅನ್ನಿಸಿತ್ತು.

"ಸುಮ್ಕೆ ಕೂತ್ರೆ ಆಯ್ತದಾ? ಎದ್ದೇಳಮ್ಮಿ, ಇತ್ಲಿಗೆ ಬಾ" ಅಂದರು ಅತ್ತೆ.

ಹಿತ್ತಲಲ್ಲಿ ಅವರೇ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ ಪಾತಿ ಮಾಡಿದ್ದರು. ಒಂದು ಹಿಡಿ ಅವರೆ ಬೀಜ ಕೊಟ್ಟು ನೀರು ತರಲು ಹೋದರು. ನಾನು ಎಡಗೈಯಲ್ಲಿ ಚಕಚಕ ಎರಡು ಸಾಲು ಊರಿದೆ. ಎಷ್ಟೋ ದಿನದ ಮೇಲೆ ಒಂದು ಕೆಲಸ ಮುಗಿಸಿದ್ದೆನಲ್ಲ, ಖುಷಿಯಾಯಿತು. ಅತ್ತೆ ಕೊಡ ಇಳಿಸಿ ನನ್ನ ಮಣ್ಣಾದ ಎಡಗೈ ನೋಡಿದರು. ಅಷ್ಟೂ ಬೀಜ ಕೆದಕಿ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಬಲ ಅಂಗೈಗೆ ಸುರಿದರು.

"ಎಡಗೈಲಿ ಯಾರಾದ್ರೂ ಅನ್ನ ಇಕ್ತಾರಾ? ಬೂಮ್ತಾಯ್ಗೂ ಅಂಗೇಯ. ಬಲಗೈಲೇ ಆಕು. ಸಂಜೆಗಂಟ ಆದ್ರೂ ಆಗ್ಲಿ."

ನಿಜಕ್ಕೂ ಸಂಜೆಯಾಯಿತು. ಹಿಡಿದ ಬೀಜವೆಲ್ಲ ಜಾರುತ್ತಿತ್ತು. ಸಿಟ್ಟಿಗೆ ಕಣ್ಣೀರು ಬಂತು. ಮನಸ್ಸಿನಲ್ಲೇ ಅತ್ತೆಗೆ ಶಾಪ ಹಾಕಿದೆ.

ವಾರದೊಳಗೆ ಅವರೆ ಮಣ್ಣೊಡೆದು ಕತ್ತು ಎತ್ತಿತು ನೋಡಿ! ಮನೆಯವರನ್ನೆಲ್ಲ ಕೂಗಿ ಕೂಗಿ ತೋರಿಸಿದೆ. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಹೀರೆ ಹಾಕಿದೆ, ಬೆಂಡೆ ಹಾಕಿದೆ. ಅತ್ತೆ ಹಟಮಾರಿ, ಒಂದೊಂದು ಸಲವೂ ಇನ್ನೂ ಚಿಕ್ಕ ಬೀಜವನ್ನೇ ತಂದು ಕೊಟ್ಟರು. ಕೊನೆಗೆ ದಂಟಿನ ಬೀಜ, ಸಾಸಿವೆಗಿಂತ ಸಣ್ಣದು. ಅದನ್ನು ಚಿಟಿಕೆಯಲ್ಲಿ ಹಿಡಿದು ಉದುರಿಸಿದ ದಿನ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟಿದ್ದವು. ಹಸಿವಾಗತೊಡಗಿತು, ನಿದ್ದೆ ಬರತೊಡಗಿತು. ಆದರೂ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ಆ ಹೆದರಿಕೆ ಒಳಗೇ ಇತ್ತು.

ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಪಕ್ಕದ ಮನೆಯ ಕೋಳಿ ನನ್ನ ದಂಟಿನ ಪಾತಿಯನ್ನು ಪರಪರ ಕೆರೆಯುತ್ತಿದೆ!

"ನಿನ್ನ ಮನೆ ಆಳಾಗ! ನಿಲ್ಲೇ, ಇವತ್ತು ನಿನ್ನ ಸಾರು ಮಾಡ್ತೀನಿ!"

ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ಬೀಸಿದೆ. ಅದು ಬೇಲಿಗೆ ಬಡಿದು ಪುಡಿಯಾಯಿತು, ಕೋಳಿ ಕೊಕ್ಕೊಕ್ ಎನ್ನುತ್ತ ಓಡಿತು. ಏದುಸಿರು ಬಿಡುತ್ತ ಕೈ ನೋಡಿಕೊಂಡೆ. ಬಲಗೈ! ಎಸೆದ ಮೇಲೂ ಮುಷ್ಟಿ ಕಟ್ಟಿಯೇ ಇತ್ತು, ಬಿಚ್ಚಿದರೆ ಅಂಗೈಯ ಮಣ್ಣಿನಲ್ಲಿ ನನ್ನದೇ ನಾಲ್ಕು ಉಗುರಿನ ಗುರುತು ಮೂಡಿತ್ತು.

ಕೂಗು ಕೇಳಿ ಅತ್ತೆ ಓಡಿ ಬಂದರು. ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇನ್ನೊಂದು ಹೆಂಟೆ ಎತ್ತಿ ಅದರಲ್ಲಿಟ್ಟರು.

"ಎಸಿ. ಬೈಕಂಡೇ ಎಸಿ."

ಅಲ್ಲಿ ಯಾವ ಕೋಳಿಯೂ ಇರಲಿಲ್ಲ. ಬಾಯಿಗೆ ಬಂದಂತೆ ಬೈದು ಎಸೆದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೊಂದು ಹೆಂಟೆಗೆ ಬಗ್ಗಿದರು.